ಹಳೆಯ ಕೋವಿಯ ಕುಲಗೋತ್ರ

ಸೇನೆಗಳು ತಮಗೆ ಬೇಡವಾದ ಕೋವಿಗಳನ್ನು ಸಾಮಾನ್ಯವಾಗಿ ಮೂರು ಬಗೆಯಲ್ಲಿ ವಿಲೇವಾರಿ ಮಾಡುತ್ತವೆ. ಕೆಲವನ್ನು ಕುಲುಮೆಗೆ ಹಾಕಿ ಕರಗಿಸುತ್ತವೆ. ಕೆಲವನ್ನು ಪೊಲೀಸರಿಗೋ, ಸೆರೆಮನೆಯ ಕಾವಲಿನವರಿಗೋ, ಕವಾಯತು ಕಲಿಯುವ ಹುಡುಗರಿಗೋ ಇಳಿಸಿಕೊಡುತ್ತವೆ. ಉಳಿದವನ್ನು ಸಗಟಾಗಿ ವರ್ತಕರಿಗೆ ಮಾರುತ್ತವೆ. ಎರಡನೆಯ ಮಹಾಯುದ್ಧವು ಮುಗಿದ ತರುಣದಲ್ಲಿ ಯೂರೋಪಿನ ಉಗ್ರಾಣಗಳಲ್ಲಿ ರಾಶಿಬಿದ್ದಿದ್ದ ಆಯುಧಗಳನ್ನು ಕೊಂಡು, ಅಮೆರಿಕದ ವರ್ಜೀನಿಯ ಸಂಸ್ಥಾನದ ಅಲೆಕ್ಸಾಂಡ್ರಿಯ ಪಟ್ಟಣದಲ್ಲಿ ಕೂಡಿಟ್ಟು ಮಾರಿದ ಸ್ಯಾಮ್ಯುಯೆಲ್ ಕಮಿಂಗ್ಸ್ ಎಂಬ ವರ್ತಕನು ಈ ಮೂರನೆಯ ಮಾರ್ಗದಲ್ಲಿ ಕೋಟ್ಯಧೀಶನಾದನು. ಅಂಚೆಯ ಮೂಲಕ ಹಣ ಕಳುಹಿಸಿ ಅಂಚೆಯ ಮೂಲಕವೇ ರೈಫಲನ್ನು ತರಿಸಿಕೊಳ್ಳಬಹುದಾಗಿದ್ದ ಆ ಕಾಲದಲ್ಲಿ, 1963ರಲ್ಲಿ ಅಧ್ಯಕ್ಷ ಕೆನಡಿಯ ಪ್ರಾಣವನ್ನು ತೆಗೆದದ್ದೂ ಹಾಗೆ ತರಿಸಿಕೊಂಡ ಒಂದು ಹಳೆಯ ಇಟಾಲಿಯನ್ ಸೈನಿಕ ರೈಫಲೇ. 1968ರ ಶಾಸನವು ಆ ಅಂಚೆಯ ವ್ಯಾಪಾರವನ್ನು ನಿಲ್ಲಿಸಿತು. ಆದರೆ ಅದುವರೆಗೆ ಮನೆಮನೆಗೆ ಹರಡಿಹೋಗಿದ್ದ ಕೋವಿಗಳು ಒಂದು ಹೊಸ ಜಾತಿಯ ಮನುಷ್ಯನನ್ನು ನಿರ್ಮಿಸಿದ್ದುವು: ಗುರಿಯಿಡುವುದಕ್ಕಿಂತ ಹೆಚ್ಚಾಗಿ, ಉಕ್ಕಿನ ಮೇಲೆ ಒತ್ತಿದ ಸಣ್ಣ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ಓದುವುದರಲ್ಲಿ ಆಸಕ್ತಿಯುಳ್ಳ ಸಂಗ್ರಾಹಕನನ್ನು.

ಈ ವಿದ್ಯೆಯನ್ನು ಸಮಗ್ರವಾಗಿ ವಿವರಿಸಹೊರಟರೆ ಜರ್ಮನರ ಮೌಸರ್, ರಷ್ಯನರ ಮೋಸಿನ್-ನಾಗಾಂತ್, ಜಪಾನೀಯರ ಅರಿಸಾಕ ಮೊದಲಾದುವುಗಳಿಗೆ ಒಂದೊಂದು ಗ್ರಂಥವೇ ಬೇಕಾದೀತು. ಆದ್ದರಿಂದ ಒಂದೇ ಮನೆತನವನ್ನು ಆರಿಸಿಕೊಳ್ಳುತ್ತೇನೆ. ಬ್ಯಾಂಕಿನ ಬಾಗಿಲಲ್ಲಿ, ಖಜಾನೆಯ ಪಹರೆಯಲ್ಲಿ, ಪೊಲೀಸ್ ಠಾಣೆಯ ಗೋಡೆಯಲ್ಲಿ, ಎನ್.ಸಿ.ಸಿ. ಶಿಬಿರದ ಕವಾಯತಿನಲ್ಲಿ ನಮ್ಮವರು ಕಂಡು, ಹೊತ್ತು, ‘ತ್ರೀ ನಾಟ್ ತ್ರೀ’ ಎಂದು ಕರೆದ ಲೀ-ಎನ್‌ಫೀಲ್ಡ್ ರೈಫಲ್ ಅದು. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿಧಿವತ್ತಾಗಿ ವಿದಾಯ ಹೇಳಿದುದು 2020ರ ಗಣರಾಜ್ಯೋತ್ಸವದಂದು. ಒಂದು ಯಂತ್ರದ ಪಾಲಿಗೆ ಇಷ್ಟು ದೀರ್ಘವಾದ ಸೇವಾವಧಿ ಅಪೂರ್ವವಾದುದು.

ಹೆಸರಿನ ಪೂರ್ವಾರ್ಧವು ಜೇಮ್ಸ್ ಪ್ಯಾರಿಸ್ ಲೀ ಎಂಬಾತನದು. ಸ್ಕಾಟ್ಲೆಂಡಿನಲ್ಲಿ 1831ರಲ್ಲಿ ಹುಟ್ಟಿ, ಕೆನಡದಲ್ಲಿ ಬೆಳೆದು, ಅಮೆರಿಕದಲ್ಲಿ ನೆಲಸಿದ ಆತನು, ಹಿಂದಕ್ಕೂ ಮುಂದಕ್ಕೂ ಸರಿಯುವ ಬೋಲ್ಟಿನ ಕೆಳಗೆ ತೋಟಾಗಳನ್ನು ಒಂದರ ಮೇಲೊಂದರಂತೆ ಹಿಡಿದಿಡುವ ಡಬ್ಬಿಯಾಕಾರದ ಮ್ಯಾಗಜೀನನ್ನು ರೂಪಿಸಿದನು. ಬ್ರಿಟಿಷ್ ಸರಕಾರವು 1888ರಲ್ಲಿ ಇದನ್ನು ಅಂಗೀಕರಿಸಿದಾಗ ನಳಿಗೆಯೊಳಗಿನ ಸುರುಳಿಗೆರೆಗಳು ವಿಲಿಯಂ ಎಲ್ಲಿಸ್ ಮೆಟ್‌ಫೋರ್ಡ್ ಎಂಬ ಎಂಜಿನಿಯರನ ವಿನ್ಯಾಸದವಾಗಿದ್ದುವು: ಏಳು ಗೆರೆಗಳು, ಆಳವಿಲ್ಲದವು, ಅಂಚುಗಳು ದುಂಡಾದವು. ಕಪ್ಪು ಮದ್ದು ಉರಿದ ಮೇಲೆ ನಳಿಗೆಯಲ್ಲಿ ದಪ್ಪನಾಗಿ ಮಸಿ ಕಟ್ಟುತ್ತದೆ. ಚೂಪಾದ ಮೂಲೆಗಳಿದ್ದರೆ ಆ ಮಸಿ ಅಲ್ಲಿಯೇ ನೆಲೆಯೂರುತ್ತದೆ. ಆದುದರಿಂದ ಮೂಲೆಗಳೇ ಇಲ್ಲದ ಗೆರೆಗಳನ್ನು ಕೊರೆದದ್ದು ವಿವೇಕದ ಕೆಲಸವೇ ಆಗಿತ್ತು. ಆದರೆ ಫ್ರೆಡರಿಕ್ ಏಬೆಲ್ ಮತ್ತು ಜೇಮ್ಸ್ ಡೀವರ್ ಎಂಬ ರಸಾಯನಶಾಸ್ತ್ರಜ್ಞರು 1889ರಲ್ಲಿ ಸಿದ್ಧಪಡಿಸಿದ ಕಾರ್ಡೈಟ್ ಎಂಬ ಹೊಗೆರಹಿತ ಮದ್ದು ಸೇನೆಗೆ ಬಂದೊಡನೆ ಈ ವಿವೇಕವು ನಿಷ್ಪ್ರಯೋಜಕವಾಯಿತು. ನೂರಕ್ಕೆ 58 ಭಾಗ ನೈಟ್ರೋಗ್ಲಿಸರೀನು, 37 ಭಾಗ ಗನ್‌ಕಾಟನ್, 5 ಭಾಗ ವ್ಯಾಸಲೀನು ಬೆರೆಸಿ, ಜರಡಿಯ ತೂತಿನಿಂದ ಒತ್ತಿ ಎಳೆದ ಈ ಮದ್ದು, ತೋಟಾವನ್ನು ಬಿಚ್ಚಿ ನೋಡಿದರೆ ಒಣ ಶ್ಯಾವಿಗೆಯ ಕಂತೆಯಂತೆ ಕಾಣುತ್ತದೆ. ಅದರ ಜ್ವಾಲೆಯ ಉಷ್ಣತೆ ಎಷ್ಟೆಂದರೆ, ಮೆಟ್‌ಫೋರ್ಡನ ನವುರಾದ ಗೆರೆಗಳು ಅಕಾಲದಲ್ಲಿಯೇ ಸವೆದು ಮಾಯವಾಗತೊಡಗಿದುವು. ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡಿನ ಸರಕಾರಿ ಕಾರ್ಖಾನೆಯವರು ಏಳರ ಬದಲಿಗೆ ಐದು ಗೆರೆಗಳನ್ನು, ಆಳವಾಗಿ, ಚೌಕ ಅಂಚಿನಿಂದ, ಹತ್ತು ಇಂಚಿಗೆ ಒಂದು ಸುತ್ತು ಎಡಕ್ಕೆ ತಿರುಗುವಂತೆ ಕೊರೆದರು. ಹೀಗೆ 1895ರಲ್ಲಿ ಲೀ-ಮೆಟ್‌ಫೋರ್ಡ್ ಹೋಗಿ ಲೀ-ಎನ್‌ಫೀಲ್ಡ್ ಆಯಿತು. ನಳಿಗೆಯ ಬಾಯಿಯಿಂದ ಬೆಳಕು ಬಿಟ್ಟು ಗೆರೆಗಳನ್ನು ಎಣಿಸಬಲ್ಲವನಿಗೆ ಈ ಇತಿಹಾಸವು ಕಣ್ಣೆದುರಿಗೇ ಇರುತ್ತದೆ.

ಅಲ್ಲಿಯವರೆಗೆ ಕಾಲಾಳಿಗೆ ಉದ್ದನೆಯ ರೈಫಲು, ರಾವುತನಿಗೆ ಗಿಡ್ಡನೆಯ ಕಾರ್ಬೈನು ಎಂಬ ವರ್ಣವ್ಯವಸ್ಥೆಯಿತ್ತು. ಬೋಯರ್ ಯುದ್ಧದ ಪೆಟ್ಟು ತಿಂದು ಎಚ್ಚತ್ತ ಬ್ರಿಟಿಷರು ಇಬ್ಬರಿಗೂ ಸಲ್ಲುವಂತೆ 25.2 ಇಂಚು ನಳಿಗೆಯ ‘ಶಾರ್ಟ್’ ರೈಫಲನ್ನು ಹೊರತಂದರು. ಇದರ ಮೂರನೆಯ ಆವೃತ್ತಿ, ಅಂದರೆ ಮಾರ್ಕ್ ಮೂರು, 1907ರ ಜನವರಿಯಲ್ಲಿ ಅಂಗೀಕೃತವಾಯಿತು. ಸಂಗ್ರಾಹಕರು ಅತ್ಯಂತ ಹೆಚ್ಚಾಗಿ ಕಾಣುವುದು ಇದನ್ನು ಮತ್ತು 1916ರಲ್ಲಿ ಬಂದ ಇದರ ನಕ್ಷತ್ರಾಂಕಿತ ಸಹೋದರನನ್ನು. ಮೊದಲನೆಯ ಮಹಾಯುದ್ಧದ ಆತುರದಲ್ಲಿ ಈ ಎರಡನೆಯದರಲ್ಲಿ ಮೂರು ಭಾಗಗಳನ್ನು ಬಿಟ್ಟುಬಿಟ್ಟರು: ಎರಡು ಸಹಸ್ರ ಗಜಕ್ಕೂ ಮೀರಿದ ದೂರಕ್ಕೆ ಸಾಮೂಹಿಕವಾಗಿ ಗುಂಡು ಹಾರಿಸಲು ಎಡಪಕ್ಕದಲ್ಲಿ ಇಟ್ಟಿದ್ದ ಗುರಿಮುಳ್ಳು, ಮ್ಯಾಗಜೀನಿನ ತೋಟಾಗಳನ್ನು ಮುಚ್ಚಿಟ್ಟು ಒಂದೊಂದನ್ನೇ ಕೈಯಿಂದ ತುಂಬುವಂತೆ ಮಾಡುತ್ತಿದ್ದ ಉಕ್ಕಿನ ತಗಡು, ಹಿಂಬದಿಯ ಗುರಿಕಟ್ಟನ್ನು ಎಡಬಲಕ್ಕೆ ಸರಿಸುವ ತಿರುಪು. ಸಿಪಾಯಿಯು ಮ್ಯಾಗಜೀನಿನ ಹತ್ತು ತೋಟಾಗಳನ್ನೂ ದುಂದುಮಾಡಿಯಾನೆಂಬ ಭಯದಿಂದ ಹುಟ್ಟಿದ ಆ ತಗಡು, ಸಹಸ್ರಾರು ಜನ ದಿನವೊಂದಕ್ಕೆ ಸಾಯುತ್ತಿದ್ದ ಫ್ರಾನ್ಸಿನ ಕಂದಕಗಳಲ್ಲಿ ಹಾಸ್ಯಾಸ್ಪದವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಇನ್ನು ಕೋವಿಯನ್ನು ಕೈಗೆತ್ತಿಕೊಳ್ಳೋಣ. ಬೋಲ್ಟಿನ ಹಿಡಿಕೆಯ ಕೆಳಗೆ, ಮರದ ಬಟ್ಟು ಉಕ್ಕಿನೊಳಗೆ ಸೇರುವ ಸಂಧಿಯಲ್ಲಿ, ಬಲಗಡೆಗೆ ಒಂದು ಪಟ್ಟಿಯಿದೆ. ಕೋವಿಯ ಕುಲಗೋತ್ರಗಳನ್ನು ಮೊದಲು ಕೇಳತಕ್ಕದ್ದು ಅಲ್ಲಿ. ಮೇಲ್ಗಡೆ ಕಿರೀಟ, ಅದರ ಕೆಳಗೆ ಅರಸನ ಹೆಸರಿನ ಮೊದಲಕ್ಷರಗಳು, ವಿಕ್ಟೋರಿಯಾಳಿಗೆ ವಿ.ಆರ್., ಎಡ್ವರ್ಡನಿಗೆ ಇ.ಆರ್., ಜಾರ್ಜನಿಗೆ ಜಿ.ಆರ್. ಅದರಡಿಯಲ್ಲಿ ಕಾರ್ಖಾನೆಯ ನಾಮ: ಎನ್‌ಫೀಲ್ಡ್, ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ., ಲಂಡನ್ನಿನ ಎಲ್.ಎಸ್.ಎ., ಆಸ್ಟ್ರೇಲಿಯದ ಲಿಥ್‌ಗೋ, ಅಥವಾ ಬಂಗಾಳದ ಈಶಾಪುರ. ಬಳಿಕ ವರ್ಷ, ಕೊನೆಗೆ ‘ಎಸ್‌ಎಚ್‌ಟಿ ಎಲ್.ಇ.’ ಎಂದು ಮಾದರಿಯ ಸಂಕ್ಷೇಪ. ಬಿ.ಎಸ್.ಎ. ಕಂಪೆನಿಯವರು ಸರಕಾರಕ್ಕಲ್ಲದೆ ಖಾಸಗಿ ಗಿರಾಕಿಗಳಿಗೆ ಮಾರಿದ ರೈಫಲುಗಳಲ್ಲಿ ಕಿರೀಟವೂ ಅರಸನ ಅಕ್ಷರವೂ ಇರುವುದಿಲ್ಲ. ಹೊಸಬರು ಇದನ್ನು ಖೋಟಾ ಎಂದು ಭ್ರಮಿಸಿ ಒಳ್ಳೆಯ ವಸ್ತುವನ್ನು ಕೈಬಿಡುವುದುಂಟು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಬಂದ ‘ನಂಬರ್ ನಾಲ್ಕು’ ಮಾದರಿಯಲ್ಲಿ ಈ ಸರಳತೆ ಮಾಯವಾಗಿ ಗೂಢಲಿಪಿ ಬಂದಿತು. ಜರ್ಮನ್ ವಿಮಾನಗಳಿಗೆ ಕಾರ್ಖಾನೆಯ ವಿಳಾಸವನ್ನು ಸಾರುವುದು ಬೇಡವೆಂದು ಕಾರ್ಖಾನೆಗಳಿಗೆ ಸಂಕೇತಗಳನ್ನಿತ್ತರು. ಎಂ 47 ಸಿ ಎಂದಿದ್ದರೆ ಅದು ಬಿ.ಎಸ್.ಎ.ಯ ಶರ್ಲಿ ಕಾರ್ಖಾನೆಯದು. ಇನ್ನು ಎಡಪಕ್ಕದಲ್ಲಿ ‘ಅಮೆರಿಕದ ಸೊತ್ತು’ ಎಂಬರ್ಥದ ಇಂಗ್ಲಿಷ್ ಒಕ್ಕಣೆಯೂ, ಚೌಕದೊಳಗೆ ಎಸ್ ಅಕ್ಷರವೂ ಇರುವ ನಂಬರ್ ನಾಲ್ಕು ಸಿಕ್ಕರೆ ಓದುಗನು ದಿಗ್ಭ್ರಾಂತನಾಗಬಾರದು. 1941ರ ಲೆಂಡ್-ಲೀಸ್ ಶಾಸನದ ಮೇರೆಗೆ ಮಸಾಚುಸೆಟ್ಸಿನ ಸ್ಯಾವೇಜ್ ಕಂಪೆನಿಯು ಬ್ರಿಟನ್ನಿಗಾಗಿ ಮಾಡಿದ ರೈಫಲದು. ಕಾನೂನಿನ ಕಣ್ಣಿಗೆ ಅದು ಎರವಲು ಕೊಟ್ಟ ವಸ್ತುವಾದ್ದರಿಂದ, ಅಮೆರಿಕದ ಸಿಪಾಯಿಯೊಬ್ಬನೂ ಯುದ್ಧಕ್ಕೆ ಒಯ್ಯದ ಕೋವಿಯ ಮೇಲೆ ಅಮೆರಿಕದ ಒಡೆತನದ ಮುದ್ರೆ ಬಿದ್ದಿತು.

ಹುಟ್ಟಿನ ಮುದ್ರೆಯಾದ ಮೇಲೆ ಬಾಳಿನ ಮುದ್ರೆಗಳು ಬರುತ್ತವೆ. ಮೂರು ಗೆರೆಯ ಬಾಣದ ತಲೆ ಬ್ರಿಟಿಷ್ ಸರಕಾರದ ಸೊತ್ತಿನ ಗುರುತು. ಅದರೊಡನೆ ಐ ಅಕ್ಷರವಿದ್ದರೆ ಭಾರತದ್ದು. ಬಾಣವು ಸಿ ಅಕ್ಷರದೊಳಗಿದ್ದರೆ ಕೆನಡದ್ದು. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ಎದುರುಬದುರಾಗಿ ನಿಂತಿದ್ದರೆ ಸರಕಾರವು ಅದನ್ನು ಮಾರಿ ಕೈತೊಳೆದುಕೊಂಡಿತೆಂದು ಅರ್ಥ. ನಳಿಗೆಯ ಬುಡದಲ್ಲಿ ಸಣ್ಣ ನಕ್ಷತ್ರವೊಂದು ಕಂಡರೆ ಹಿಗ್ಗಬಾರದು. ನಳಿಗೆಯೊಳಗೆ ತುಕ್ಕು ತಿಂದ ಕುಳಿಗಳಿವೆಯೆಂದು ಸೇನೆಯ ಆಯುಧಪರೀಕ್ಷಕನು ಬರೆದಿಟ್ಟ ಎಚ್ಚರಿಕೆಯದು. ಇಂಗ್ಲೆಂಡಿನಲ್ಲಿ ಮಾರಾಟವಾದ ರೈಫಲುಗಳ ನಳಿಗೆಯ ಮೇಲೆ ‘2.222’ ಎಂದೂ, ‘18.5 ಟನ್’ ಎಂದೂ ಅಂಕೆಗಳಿರುತ್ತವೆ. ಮೊದಲನೆಯದು ತೋಟಾದ ಹಿತ್ತಾಳೆಯ ಕೋಶದ ಉದ್ದ, ಇಂಚಿನಲ್ಲಿ. ಎರಡನೆಯದು ಚದರ ಇಂಚಿಗೆ ಇಷ್ಟು ಟನ್ ಎಂಬ ಒತ್ತಡದ ಲೆಕ್ಕ, ಮಾರಾಟಕ್ಕೆ ಮುಂಚೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದವರು ಒತ್ತಿದ್ದು. ಇದನ್ನು ವಿಶೇಷ ಮಾದರಿಯ ಸಂಖ್ಯೆಯೆಂದು ಹೇಳಿ ದುಬಾರಿ ಬೆಲೆಗೆ ಮಾರುವ ಜಾಣರಿಗೇನೂ ಕೊರತೆಯಿಲ್ಲ.

ಈಶಾಪುರದ ಕೋವಿಗಳ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಕಲ್ಕತ್ತೆಯ ಉತ್ತರಕ್ಕೆ ಹೂಗ್ಲಿ ನದಿಯ ದಡದಲ್ಲಿರುವ ಈ ಊರಿನಲ್ಲಿ ಕಂಪೆನಿ ಸರಕಾರದ ಕಾಲದಿಂದಲೂ ಮದ್ದಿನ ಕಾರ್ಖಾನೆಯಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರೈಫಲಿನ ಕಾರ್ಖಾನೆಯೂ ಆರಂಭವಾಯಿತು. ಇಲ್ಲಿಯ ಕೋವಿಗಳಲ್ಲಿ ಜಿ.ಆರ್. ಎಂಬುದು ಜಿ.ಆರ್.ಐ. ಆಗುತ್ತದೆ, ಇಂಗ್ಲೆಂಡಿಗೆ ಕೇವಲ ರಾಜನಾದವನು ಇಲ್ಲಿ ಚಕ್ರವರ್ತಿ. ಸ್ವಾತಂತ್ರ್ಯಾನಂತರ ಕಿರೀಟವು ಹೋಗಿ ಅಶೋಕಸ್ತಂಭದ ಸಿಂಹಗಳೂ ಆರ್.ಎಫ್.ಐ. ಎಂಬ ಅಕ್ಷರಗಳೂ ಬಂದುವು. ಆದರೆ ಅಕ್ಷರವನ್ನು ಓದಲಾರದವನಿಗೂ ಈಶಾಪುರದ ಕೋವಿಯನ್ನು ಹೇಳಿಕೊಡುವುದು ಅದರ ಮರದಲ್ಲಿರುವ ಒಂದು ತಿರುಪು. ಆಷಾಢದ ತೇವಕ್ಕೆ ಉಬ್ಬಿ ವೈಶಾಖದ ಬಿಸಿಲಿಗೆ ಕುಗ್ಗುವ ಮರವು, ಗುಂಡು ಹಾರಿದಾಗಲೆಲ್ಲ ಉಕ್ಕಿನ ಹಿಮ್ಮೆಟ್ಟನ್ನು ತಾಳುವ ಎಡೆಯಲ್ಲಿ ಸೀಳುತ್ತಿತ್ತು. ಇಂಗ್ಲೆಂಡಿನ ವಿನ್ಯಾಸಕಾರರು ಕಾಣದ ಈ ಕೇಡಿಗೆ ಈಶಾಪುರದ ಕುಶಲಿಗಳು ಮರದ ಅಡ್ಡಕ್ಕೆ ಒಂದು ತಿರುಪನ್ನು ಹಾಯಿಸಿ, ಎರಡು ಪಕ್ಕಗಳನ್ನೂ ಬಿಗಿದು ಕಟ್ಟಿದರು. ಜಗತ್ತಿನ ಸಂಗ್ರಾಹಕರೆಲ್ಲ ಇಂದು ಅದನ್ನು ‘ಈಶಾಪುರದ ತಿರುಪು’ ಎಂದೇ ಕರೆಯುತ್ತಾರೆ. ಆಸ್ಟ್ರೇಲಿಯದ ಲಿಥ್‌ಗೋದವರು ಇದೇ ವ್ಯಾಧಿಗೆ ಬೇರೆ ಮದ್ದು ಮಾಡಿದರು: ಅಕ್ರೋಟು ಮರ ಸಾಲದೆ ಅವರು ಬಳಸಿದ ಕೋಚ್‌ವುಡ್ ಎಂಬ ದೇಶೀಯ ಮರವು ಮೆದುವಾದುದರಿಂದ, ಉಕ್ಕು ತಾಗುವಲ್ಲಿ ತಾಮ್ರದ ಸಣ್ಣ ತಗಡುಗಳನ್ನು ಕೂರಿಸಿದರು. ಹೀಗೆ ಒಂದೇ ನಕ್ಷೆಯ ಮೇಲೆ ಬೇರೆಬೇರೆ ಹವೆಗಳು ತಂತಮ್ಮ ತಿದ್ದುಪಡಿಗಳನ್ನು ಬರೆದಿರುವುದನ್ನು ನೋಡುವುದೇ, ನನ್ನ ಮಟ್ಟಿಗೆ, ಈ ಅಭ್ಯಾಸದ ಪರಮ ರುಚಿ.

1857ರ ಬಳಿಕ ಬ್ರಿಟಿಷರು ಭಾರತೀಯ ಪಡೆಗಳ ಕೈಯಲ್ಲಿ ತಮ್ಮವರಿಗಿಂತ ಒಂದು ತಲೆಮಾರು ಹಿಂದಿನ ಆಯುಧಗಳನ್ನೇ ಇಡಲು ಎಚ್ಚರವಹಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಅದೇ ಸಂಶಯದ ದೂರದ ಸಂತಾನವನ್ನು ಈಶಾಪುರದಲ್ಲಿ ರೂಪಾಂತರಗೊಂಡ .410 ಮಸ್ಕೆಟ್ಟಿನಲ್ಲಿ ಕಾಣಬಹುದು. ಹೊರನೋಟಕ್ಕೆ ಇದು ಸಾಕ್ಷಾತ್ ಲೀ-ಎನ್‌ಫೀಲ್ಡೇ. ಆದರೆ ನಳಿಗೆಯ ಸುರುಳಿಗೆರೆಗಳನ್ನು ಕೆರೆದು ನುಣುಪುಮಾಡಿ, ಮ್ಯಾಗಜೀನಿನಲ್ಲಿ ಮರದ ತುಂಡೊಂದನ್ನು ತುರುಕಿ, ಹತ್ತು ತೋಟಾದ ರೈಫಲನ್ನು ಒಂದೇ ತೋಟಾದ ಕಾವಲುಕೋವಿಯನ್ನಾಗಿ ಇಳಿಸಿದ್ದಾರೆ. ಸೆರೆಮನೆಯ ಪಹರೆಗೂ ಗಲಭೆಯನ್ನು ಅಡಗಿಸುವುದಕ್ಕೂ ಇದು ಸಾಕೆಂಬುದು ಅಂದಿನ ಅಧಿಕಾರಿಗಳ ಅಭಿಪ್ರಾಯ. ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ನಡೆದ ಕೊನೆಯ ಬೆಳವಣಿಗೆಯೂ ಈಶಾಪುರದ್ದೇ: 1962ರ ಚೀನೀ ಯುದ್ಧದ ತರುವಾಯ 7.62 ಮಿಲಿಮೀಟರಿನ ಹೊಸ ತೋಟಾಕ್ಕೆ ಹೊಂದುವ 2ಎ, ಆಮೇಲೆ 2ಎ1 ಎಂಬ ಮಾದರಿಗಳು ಅಲ್ಲಿ ತಯಾರಾದುವು. ಇವು ಹಳೆಯ .303ನ್ನು ಕೊರೆದು ಮಾಡಿದವೆಂಬ ಮಾತು ಪರದೇಶಗಳಲ್ಲಿ ಬಹುಕಾಲ ಪ್ರಚಾರದಲ್ಲಿತ್ತು. ಅದು ಸುಳ್ಳು. ಹೊಸ ತೋಟಾದ ಹೆಚ್ಚಿನ ಒತ್ತಡವನ್ನು ತಾಳುವಂತೆ ಉತ್ತಮತರವಾದ ಉಕ್ಕಿನಿಂದಲೇ ಅವನ್ನು ಹೊಸದಾಗಿ ಕಟ್ಟಿದ್ದಾರೆ. ಮೂಲೆಗಳು ಚೌಕವಾಗಿರುವ ಮ್ಯಾಗಜೀನನ್ನು ನೋಡಿದರೇ ಗುರುತು ಹತ್ತುತ್ತದೆ.

ಇಷ್ಟು ಹೇಳಿದ ಮೇಲೆ ಅಕ್ಷರವನ್ನು ಎಷ್ಟರ ಮಟ್ಟಿಗೆ ನಂಬಬಹುದೆಂಬ ಪ್ರಶ್ನೆಯನ್ನು ಎದುರಿಸಲೇಬೇಕು. ಪೇಶಾವರಕ್ಕೂ ಕೋಹಾಟಿಗೂ ನಡುವೆ ದರ್ರಾ ಆದಮ್ ಖೇಲ್ ಎಂಬ ಊರಿದೆ. ಅಲ್ಲಿಯ ಕಮ್ಮಾರರು ತಲೆತಲಾಂತರದಿಂದ, ಅರ ಮತ್ತು ಕೈತಿದಿಗಳಿಂದ, ಸಿಕ್ಕಿದ ಉಕ್ಕಿನಲ್ಲಿ, ಲೀ-ಎನ್‌ಫೀಲ್ಡನ್ನು ಮುದ್ರೆಗಳ ಸಮೇತ ನಕಲು ಮಾಡುತ್ತ ಬಂದಿದ್ದಾರೆ. ಇಂಗ್ಲಿಷ್ ಓದಲು ಬಾರದವನಿಗೆ ಅಕ್ಷರವೂ ಒಂದು ಚಿತ್ರವೇ. ಆದ್ದರಿಂದ ಎನ್‌ಫೀಲ್ಡಿನ ‘ಎನ್’ ಕೆಲವೊಮ್ಮೆ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ, ಕಾಗುಣಿತ ತಪ್ಪಿರುತ್ತದೆ, ಯಂತ್ರವು ಒಮ್ಮೆಗೇ ಒತ್ತಿದ ಸಾಲಿನ ನೇರವಿರದೆ ಒಂದೊಂದಾಗಿ ಬಡಿದ ಅಕ್ಷರಗಳು ಏರುಪೇರಾಗಿ ನಿಂತಿರುತ್ತವೆ. ಇವೆಲ್ಲ ಕಣ್ಣಿಗೆ ಬೀಳುವ ದೋಷಗಳು. ಇದಕ್ಕಿಂತ ರಮಣೀಯವಾದುದು ವಿ.ಆರ್. ಎಂಬ ಅಕ್ಷರಗಳ ಕೆಳಗೆ ‘ಎಸ್‌ಎಚ್‌ಟಿ ಎಲ್.ಇ.’ ಎಂದಿರುವುದು. ವಿಕ್ಟೋರಿಯಾ ತೀರಿಕೊಂಡದ್ದು 1901ರ ಜನವರಿಯಲ್ಲಿ. ‘ಶಾರ್ಟ್’ ಮಾದರಿಯು ಅಂಗೀಕಾರವಾದದ್ದೇ ಅದರ ಅನಂತರ. ಎಂದಮೇಲೆ ಅಂಥ ಮುದ್ರೆಯುಳ್ಳ ರೈಫಲು ಎಷ್ಟೇ ಸುಂದರವಾಗಿರಲಿ, ತೀರಿಕೊಂಡ ರಾಣಿಯ ಹೆಸರನ್ನು ಹೊತ್ತು ಹುಟ್ಟಿದ್ದಾಗುತ್ತದೆ.

ದರ್ರಾದ ಕಮ್ಮಾರನ ಕೈಚಳಕವನ್ನು ನಾನು ಹೀನಯಿಸಲಾರೆ. ಆದರೆ ಆತನಿಗೆ ಒದಗದಿದ್ದುದು ಉಕ್ಕನ್ನು ಕ್ರಮವರಿತು ಕಾಯಿಸಿ ಹದಕ್ಕೆ ತರುವ ವ್ಯವಸ್ಥೆ, ಮತ್ತು ಅದರ ಅಭಾವವನ್ನು ಯಾವ ಮುದ್ರೆಯೂ ಮುಚ್ಚಲಾರದು. ಲೀಯ ವಿನ್ಯಾಸದಲ್ಲಿ ಬೋಲ್ಟನ್ನು ತಡೆದು ಹಿಡಿಯುವ ಗುಬಟುಗಳು ಬೋಲ್ಟಿನ ಹಿಂಭಾಗದಲ್ಲಿವೆ. ಉಕ್ಕು ಮೆದುವಾಗಿದ್ದರೆ ಪ್ರತಿಯೊಂದು ಗುಂಡಿನ ಹಿಮ್ಮೆಟ್ಟಿಗೂ ಈ ಗುಬಟುಗಳು ಕೂದಲೆಳೆಯಷ್ಟು ಹಿಂದಕ್ಕೆ ಕುಸಿಯುತ್ತವೆ. ಬೋಲ್ಟಿನ ಮುಖಕ್ಕೂ ನಳಿಗೆಯ ಬುಡಕ್ಕೂ ನಡುವಣ ತೆರಪು ಹೆಚ್ಚುತ್ತದೆ. .303 ತೋಟಾದ ಬುಡದ ಅಂಚು ಹಿಡಿಯತಕ್ಕ ಈ ತೆರಪು ಹೊಸ ರೈಫಲಿನಲ್ಲಿ ಕನಿಷ್ಠ 0.064 ಇಂಚು, ಸೇವೆಯಲ್ಲಿದ್ದ ರೈಫಲಿಗೆ ಸೇನೆಯು ಒಪ್ಪಿದ ಪರಮಾವಧಿ 0.074 ಇಂಚು. ಮಿಲಿಮೀಟರಿನ ಕಾಲು ಭಾಗದಷ್ಟು ಈ ಅಂತರವನ್ನು ಮೀರಿದರೆ ಹಿತ್ತಾಳೆಯ ಕೋಶವು ಹಿಂದಕ್ಕೆ ಹಿಗ್ಗಿ, ಬುಡದ ಬಳಿ ಬಿರಿದು, ಕಾದ ಅನಿಲವು ಹಾರಿಸುವವನ ಮುಖದತ್ತ ನುಗ್ಗುತ್ತದೆ. ಆದಕಾರಣ ತಿಳಿದವರು ಅಂಕೆಯಿಟ್ಟ ಉಕ್ಕಿನ ಬಿಲ್ಲೆಯನ್ನು ಬೋಲ್ಟಿನ ಎದುರಿಗಿಟ್ಟು ಅಳೆಯದೆ ಯಾವ ಹಳೆಯ ಕೋವಿಯನ್ನೂ ಹಾರಿಸರು. ನಂಬರ್ ನಾಲ್ಕರ ಬೋಲ್ಟಿಗೆ 0ಯಿಂದ 3ರವರೆಗೆ ಅಂಕೆಯೊತ್ತಿದ, ಒಂದಕ್ಕಿಂತ ಒಂದು ತುಸುವೇ ಉದ್ದವಾದ ತಲೆಗಳಿದ್ದುದು ಈ ತೆರಪನ್ನು ಸರಿದೂಗಿಸುವುದಕ್ಕೆ. ಬೋಲ್ಟಿನ ಮೇಲಣ ಸಂಖ್ಯೆಯೂ ಒಡಲಿನ ಸಂಖ್ಯೆಯೂ ಒಂದೇ ಆಗಿರಬೇಕೆಂದು ಸಂಗ್ರಾಹಕರು ಹಟಹಿಡಿಯುವುದರಲ್ಲಿ ಬೆಲೆಯ ಲೆಕ್ಕಾಚಾರವಷ್ಟೇ ಅಲ್ಲದೆ ಈ ಭೌತಿಕ ಕಾರಣವೂ ಅಡಗಿದೆ.

ಹಿಂಬದಿಯಲ್ಲಿ ಬಿಗಿಯುವ ಈ ಏರ್ಪಾಡನ್ನು ಮೌಸರಿನ ಭಕ್ತರು ದುರ್ಬಲವೆಂದು ಜರೆಯುತ್ತಾರೆ. ಅದು ನಿಜವೂ ಹೌದು. ಆದರೆ ಆ ದೌರ್ಬಲ್ಯದಿಂದಲೇ ಒಂದು ವಿಚಿತ್ರವಾದ ಗುಣ ಹುಟ್ಟಿತು. ಗುಂಡು ಹಾರುವ ಕ್ಷಣದಲ್ಲಿ ಒಡಲು ಬಾಗಿ, ನಳಿಗೆಯು ಮೇಲೆ ಕೆಳಗೆ ಕಂಪಿಸುತ್ತದೆ. ಮದ್ದಿನ ಅಲ್ಪಸ್ವಲ್ಪ ವ್ಯತ್ಯಾಸದಿಂದ ಒಂದು ಗುಂಡು ತುಸು ನಿಧಾನವಾಗಿ ಹೊರಟರೆ, ಅದು ನಳಿಗೆಯ ಬಾಯಿಗೆ ಬರುವಷ್ಟರಲ್ಲಿ ಬಾಯಿ ಇನ್ನಷ್ಟು ಮೇಲಕ್ಕೆ ಎದ್ದಿರುತ್ತದೆ. ನಿಧಾನದ ಗುಂಡು ಎತ್ತರದ ಕೋನದಲ್ಲಿ, ವೇಗದ ಗುಂಡು ತಗ್ಗಿನ ಕೋನದಲ್ಲಿ ಹೊರಟು, ಎಂಟುನೂರರಿಂದ ಸಾವಿರ ಗಜಗಳ ಆಚೆ ಎರಡೂ ಒಂದೆಡೆ ಸೇರುತ್ತವೆ. ಹತ್ತಿರದ ಗುರಿಯಲ್ಲಿ ಸಾಧಾರಣವೆನಿಸಿದ ಕೋವಿಯು ದೂರದ ಗುರಿಯಲ್ಲಿ ಗಟ್ಟಿಮುಟ್ಟಾದ ಪ್ರತಿಸ್ಪರ್ಧಿಗಳನ್ನು ಮೀರಿಸಿದುದರ ಗುಟ್ಟು ಇದು.

ಬಟ್ಟಿನ ಹಿಂದಣ ಹಿತ್ತಾಳೆಯ ತಗಡಿನಲ್ಲಿ ಹೆಬ್ಬೆರಳಿನಿಂದ ತೆರೆಯುವ ಒಂದು ಪುಟ್ಟ ಮುಚ್ಚಳವಿದೆ. ಒಳಗಣ ಬಿಲದಲ್ಲಿ ಹಿತ್ತಾಳೆಯ ಎಣ್ಣೆಬುಡ್ಡಿಯೂ, ಒಂದು ತುದಿಗೆ ಹಿತ್ತಾಳೆಯ ತೂಕ ಕಟ್ಟಿದ ದಾರವೂ ಇರಬೇಕು, ಎನ್.ಸಿ.ಸಿ.ಯವರು ‘ಪುಲ್‌ಥ್ರೂ’ ಎಂದು ಕರೆದು, ನಾಲ್ಕಿಂಚು ಎರಡಿಂಚಿನ ಚಿಂದಿಯನ್ನು ಅದರ ಕುಣಿಕೆಗೆ ಸಿಕ್ಕಿಸಿ ನಳಿಗೆಯೊಳಗೆ ಎಳೆದದ್ದು ಇದನ್ನೇ. ಆದರೆ ಹಳೆಯ ಸಿಪಾಯಿಗಳು ಎಣ್ಣೆಗೆ ಮುಂಚೆ ಕುದಿಯುವ ನೀರನ್ನು ಆಲಿಕೆಯಿಟ್ಟು ನಳಿಗೆಗೆ ಸುರಿಯುತ್ತಿದ್ದರು. ಉಕ್ಕಿಗೆ ನೀರು ಹಾಕುವುದೆ ಎಂದು ಯಾರಾದರೂ ಹುಬ್ಬೇರಿಸಿಯಾರು. ತೋಟಾದ ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟು ಇತ್ತು. ಅದು ಉರಿದರೆ ಆಮ್ಲಜನಕವು ಹೋಗಿ ಪೊಟ್ಯಾಸಿಯಂ ಕ್ಲೋರೈಡು ಉಳಿಯುತ್ತದೆ. ಅಡಿಗೆಯ ಉಪ್ಪಿನ ದಾಯಾದಿಯಾದ ಈ ಲವಣವು ಗಾಳಿಯ ತೇವವನ್ನು ಹೀರಿ ಉಕ್ಕಿಗೆ ಮೆತ್ತಿ ಕೂರುತ್ತದೆ. ಎಣ್ಣೆಯಲ್ಲಿ ಇದು ಕರಗದು, ನೀರಿನಲ್ಲಿ ಕರಗುತ್ತದೆ. ಎಣ್ಣೆ ಹಚ್ಚಿ ತೃಪ್ತನಾದವನ ನಳಿಗೆ ಎಣ್ಣೆಯ ಅಡಿಯಲ್ಲೇ ಕುಳಿಬೀಳುತ್ತದೆ, ಆಯುಧಪರೀಕ್ಷಕನ ನಕ್ಷತ್ರಕ್ಕೆ ಗುರಿಯಾಗುತ್ತದೆ. ಮರದ ವಿಷಯದಲ್ಲಿ ನ್ಯಾಯವು ಬೇರೆ: ಅಗಸೆಯೆಣ್ಣೆಯು ಆಮ್ಲಜನಕವನ್ನು ಹೀರಿ, ಅಣುಗಳು ಒಂದಕ್ಕೊಂದು ಬೆಸೆದುಕೊಂಡು, ಮರದ ರಂಧ್ರಗಳಲ್ಲಿ ಗಟ್ಟಿಯಾಗುತ್ತದೆ, ಅದನ್ನು ಆಗಾಗ್ಗೆ ತೆಳುವಾಗಿ ಸವರುವುದು ಸಾಕು. ಹೊಸದರಂತೆ ಹೊಳೆಯಲೆಂದು ಮರಳುಕಾಗದದಿಂದ ಉಜ್ಜುವವನು ಮರದ ಮೇಲಿನ ಪಲ್ಟನಿನ ಅಂಕಗಳನ್ನೂ ಪರೀಕ್ಷಕರ ಮುದ್ರೆಗಳನ್ನೂ ಪುಡಿಮಾಡಿ ಊದಿಬಿಡುತ್ತಾನೆ. ಇಂಥವನಿಗೆ ಹೋಲಿಸಿದರೆ ತುಕ್ಕೇ ಸಭ್ಯ.

ಭಾರತದಲ್ಲಿ ಈ ಹವ್ಯಾಸವು ಬಹುಮಟ್ಟಿಗೆ ಕಣ್ಣಿನಿಂದಲೇ ನಡೆಯತಕ್ಕದ್ದು. 1959ರ ಆಯುಧ ಶಾಸನದ ಕ್ರಮದಲ್ಲಿ .303 ನಿಷಿದ್ಧ ಬೋರು. ಕೇಂದ್ರ ಸರಕಾರದ ವಿಶೇಷ ಅನುಮತಿಯಿಲ್ಲದೆ ಖಾಸಗಿಯವರು ಇಟ್ಟುಕೊಳ್ಳುವಂತಿಲ್ಲ. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕನ್ನು, ಅಂದರೆ ಕೋವಿಯನ್ನು, ಪೂಜೆಗಿಡುವ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿಧಿಯಿಂದ ವಿನಾಯಿತಿಯಿದೆ, ಅದನ್ನು 2029ರವರೆಗೆ ಮುಂದುವರಿಸಿಯೂ ಇದ್ದಾರೆ. ಆದರೆ ಆ ವಿನಾಯಿತಿಯು ಪರವಾನಗಿಗೆ ಸಂಬಂಧಿಸಿದ್ದೇ ಹೊರತು, ನಿಷಿದ್ಧ ಬೋರಿನ ಬಾಗಿಲನ್ನು ತೆರೆಯುವುದಿಲ್ಲ. ಮಿಕ್ಕವರಿಗೆ ವಸ್ತುಸಂಗ್ರಹಾಲಯಗಳುಂಟು, ಡಿ.ಪಿ. ಎಂಬ ಅಕ್ಷರಗಳನ್ನೊತ್ತಿ, ಹಾರಿಸಲು ಬಾರದಂತೆ ಮಾಡಿ ಕವಾಯತಿಗೆಂದೇ ಇಟ್ಟ ಕಾಲೇಜಿನ ರೈಫಲುಗಳುಂಟು. ಇವೆರಡಕ್ಕಿಂತಲೂ ಬೋಧಪ್ರದವಾದುದು, ಪಾಶ್ಚಾತ್ಯ ಸಂಗ್ರಾಹಕರು ಪೈಪೋಟಿಯಿಂದ ಕೊಳ್ಳುವ, ‘ಎಸ್.ಕೆ.ಎನ್.’ ಎಂದು ಮುದ್ರೆಬಿದ್ದ ಅಸ್ಥಿಪಂಜರದ ರೈಫಲು. ಸೇನೆಯ ಕುಶಲಿಗಳು ಶಿಕ್ಷಣಕ್ಕಾಗಿ ಇದರ ಮಗ್ಗುಲುಗಳನ್ನು ಕಿಟಕಿಗಳಂತೆ ಕೊರೆದಿರುವುದರಿಂದ, ಬೋಲ್ಟಿನ ಗುಬಟು ತನ್ನ ತಾಣಕ್ಕೆ ತಿರುಗಿ ಕೂರುವುದನ್ನೂ, ಮ್ಯಾಗಜೀನಿನ ಸ್ಪ್ರಿಂಗು ತೋಟಾವನ್ನು ಮೇಲಕ್ಕೆತ್ತುವುದನ್ನೂ ಕಣ್ಣಾರೆ ನೋಡಬಹುದು. ಇದರ ಬೆಲೆ ಏರಿದಂತೆ ಇದಕ್ಕೂ ಖೋಟಾ ಹುಟ್ಟಿಕೊಳ್ಳುತ್ತದೆ. ಕೆಲಸಕ್ಕೆ ಬಾರದ ಕವಾಯತಿನ ಕೋವಿಯ ಮಗ್ಗುಲನ್ನು ಮನಬಂದಂತೆ ಕೊಯ್ದು ಮೂರಕ್ಷರ ಒತ್ತಿದರಾಯಿತು. ಅಂಥದರಲ್ಲಿ ಕಿಟಕಿಗಳೇನೋ ಇರುತ್ತವೆ, ಆದರೆ ಅವು ಗುಬಟಿನ ಎದುರಿಗಿರದೆ ಬರಿಯ ಉಕ್ಕಿನ ಗೋಡೆಯ ಎದುರಿಗಿರುತ್ತವೆ. ಕೊರೆದವನಿಗೆ ಒಳಗೆ ಏನು ನಡೆಯುತ್ತದೆಂಬುದೇ ತಿಳಿದಿರಲಿಲ್ಲ.